ಡಿಎ 6 ಇರೋ ಸೈಟಿಗೆ 200 ಬ್ಯಾಕ್‌ಲಿಂಕ್ ಕೊಡ್ತೀವಿ ಅಂತಿದ್ದಾರೆ, ತಗೋಬೇಕಾ ಬೇಡ್ವಾ?

ತೋಪಿನಮನೆ (ಶ್ರೀನಿವಾಸಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು ತೋಟದಿಂದ ನೇರವಾಗಿ ಮಾವು ಮಾರೋ ಸೈಟು. ವರ್ಡ್‌ಪ್ರೆಸ್, ಕನ್ನಡ ಇಂಗ್ಲಿಷ್ ಎರಡೂ ಪುಟ ಇದಾವೆ. ಸೀಸನ್ ಶುರುವಾಗೋಕೆ ಮುಂಚೆ ಗೂಗಲ್‌ನಲ್ಲಿ ಸ್ವಲ್ಪ ಮೇಲೆ ಬರಬೇಕು. ಒಬ್ಬ ಏಜೆಂಟ್ "ಡಿಎ 50ಕ್ಕಿಂತ ಮೇಲಿರೋ 200 ಬ್ಯಾಕ್‌ಲಿಂಕ್, 6000 ರೂಪಾಯಿ, ಒಂದು ತಿಂಗಳಲ್ಲಿ ನಿಮ್ಮ ಡಿಎ 30 ಗ್ಯಾರಂಟಿ" ಅಂತ ಕೋಟ್ ಕಳಿಸಿದ್ದಾರೆ. (ಡಿಎ ಅಂದ್ರೆ ಡೊಮೈನ್ ಅಥಾರಿಟಿ, ಸೈಟಿಗೆ 100ಕ್ಕೆ ಇಷ್ಟು ಅಂತ ಕೊಡೋ ಅಂಕ. ಬ್ಯಾಕ್‌ಲಿಂಕ್ ಅಂದ್ರೆ ಬೇರೆ ಸೈಟಿಂದ ನಮ್ಮ ಸೈಟಿಗೆ ಬರೋ ಲಿಂಕು.)

ತಲೆ ಕೆಡ್ತಿರೋದು ಇದಕ್ಕೆ. ನಮ್ಮ ಡಿಎ 6. ಪಕ್ಕದ ಊರಿನವರದ್ದು 22. ಆದರೆ "ಶ್ರೀನಿವಾಸಪುರ ಮಾವಿನಹಣ್ಣು" ಅಂತ ಹುಡುಕಿದ್ರೆ ಇಬ್ಬರಿಗಿಂತ ಮೇಲೆ ಬರೋನ ಡಿಎ ಬರೀ 3! ಸಾಲದು ಅಂತ ನಮಗಿರೋ ಲಿಂಕುಗಳೆಷ್ಟು ಅಂದ್ರೆ ಗೂಗಲ್‌ನ ಸರ್ಚ್ ಕನ್ಸೋಲ್ 140 ಅನ್ನುತ್ತೆ, ಲಿಂಕು ಎಣಿಸೋ ಖಾಸಗಿ ಟೂಲುಗಳಾದ ಅಹ್ರೆಫ್ಸ್ 64, ಮೋಝ್ 31. ಯಾವುದನ್ನ ನಂಬೋದು? ಆ 6000 ಕೊಡಬಹುದಾ?

ಕೊಬ್ಬರಿಗಿಟುಕು (ತಿಪಟೂರು)

ಕೊಡಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಮೊದಲು ಈ ಅಂಕಗಳು ಯಾರವು ಅಂತ ನೋಡಿ. ಡಿಎ ಮೋಝ್ ಕಂಪನಿಯದು. ಅದೇ ಥರದ ಡಿಆರ್ (ಡೊಮೈನ್ ರೇಟಿಂಗ್) ಅಹ್ರೆಫ್ಸ್‌ನದು. ಅಥಾರಿಟಿ ಸ್ಕೋರ್ ಸೆಮ್‌ರಷ್‌ನದು, ಟ್ರಸ್ಟ್ ಫ್ಲೋ ಮತ್ತು ಸೈಟೇಶನ್ ಫ್ಲೋ ಮೆಜೆಸ್ಟಿಕ್‌ನದು. ಇವರೆಲ್ಲ ತಮ್ಮ ತಮ್ಮ ಕ್ರಾಲರ್ (ವೆಬ್ ಪುಟಗಳನ್ನ ಓದ್ತಾ ಹೋಗೋ ಪ್ರೋಗ್ರಾಂ) ಬಿಟ್ಟು, ತಮಗೆ ಸಿಕ್ಕ ಲಿಂಕುಗಳ ಮೇಲೆ ತಮ್ಮದೇ ಸೂತ್ರ ಹಾಕಿ 100ಕ್ಕೆ ಇಷ್ಟು ಅಂತ ಕೊಡ್ತಾರೆ. ಗೂಗಲ್ ಇದರಲ್ಲಿ ಒಂದನ್ನೂ ನೋಡೋದಿಲ್ಲ. ಗೂಗಲ್‌ನ ಸ್ವಂತ ಲೆಕ್ಕ ಪೇಜ್‌ರ‍್ಯಾಂಕ್, 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಪ್ರಕಟಿಸಿದ್ದು. ಅದರ 0ಯಿಂದ 10ರ ಅಂಕ ಬ್ರೌಸರ್ ಟೂಲ್‌ಬಾರ್‌ನಲ್ಲಿ ಎಲ್ಲರಿಗೂ ಕಾಣ್ತಿತ್ತು, 2016ರಲ್ಲಿ ಅದನ್ನ ತೆಗೆದರು. ಅಲ್ಲಿಂದಾಚೆಗೆ ಹೊರಗಿನವರಿಗೆ ಗೂಗಲ್ ತನ್ನ ಅಂಕ ತೋರಿಸಿಲ್ಲ. ಆ ಖಾಲಿ ಜಾಗದಲ್ಲೇ ಈ ಡಿಎ, ಡಿಆರ್ ವ್ಯಾಪಾರ ಇಷ್ಟು ಬೆಳೆದಿರೋದು.

ಇನ್ನೊಂದು ವಿಷಯ. ಡಿಎ, ಡಿಆರ್ ಎರಡೂ ಲಾಗರಿದಮ್ ಅಳತೆಯವು. 6ರಿಂದ 16ಕ್ಕೆ ಹೋಗೋದಕ್ಕೂ 66ರಿಂದ 76ಕ್ಕೆ ಹೋಗೋದಕ್ಕೂ ಆಕಾಶ ಭೂಮಿ ಅಂತರ. ಜೊತೆಗೆ ಇವು ಬೇರೆಯವರಿಗೆ ಹೋಲಿಸಿ ಕೊಡೋ ಅಂಕಗಳು. ನೀವು ಏನೂ ಮಾಡದೆ ಸುಮ್ಮನಿದ್ರೂ ದೊಡ್ಡ ಸೈಟುಗಳಿಗೆ ಲಿಂಕು ಜಾಸ್ತಿಯಾದ್ರೆ ನಿಮ್ಮ ಅಂಕ ಇಳಿಯಬಹುದು. 2019ರ ಮಾರ್ಚ್‌ನಲ್ಲಿ ಮೋಝ್ ಡಿಎ ಸೂತ್ರವನ್ನೇ ಬದಲಾಯಿಸಿದಾಗ ಎಷ್ಟೋ ಸೈಟುಗಳ ಅಂಕ ಒಂದೇ ದಿನಕ್ಕೆ ಬಿತ್ತು. ಗೂಗಲ್‌ನಲ್ಲಿ ಅವುಗಳ ಸ್ಥಾನಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ)

ಈ "ಗೂಗಲ್ ಡಿಎ ನೋಡಲ್ಲ" ಅನ್ನೋ ಮಾತು ಎಲ್ಲರೂ ಹೇಳ್ತಾರೆ. ಯಾವ ಪೈಪೋಟಿ ಕೀವರ್ಡ್ ಹಾಕಿದ್ರೂ ಮೊದಲ ಪುಟದಲ್ಲಿ ಡಿಎ 60, 70ರವರೇ ಕೂತಿರ್ತಾರಲ್ಲ ಸ್ವಾಮಿ. ಅದಕ್ಕೇನಂತೀರಿ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಒಳ್ಳೇ ಲಿಂಕು ಜಾಸ್ತಿ ಇದ್ರೆ ಗೂಗಲ್‌ನಲ್ಲೂ ಮೇಲೆ ಬರ್ತಾರೆ, ಡಿಎನೂ ಮೇಲಿರುತ್ತೆ. ಎರಡಕ್ಕೂ ಕಾರಣ ಲಿಂಕು. ಡಿಎ ಏರಿದ್ದಕ್ಕೆ ಸ್ಥಾನ ಏರಿದ್ದಲ್ಲ. ಥರ್ಮಾಮೀಟರ್ ಉಜ್ಜಿ ಪಾದರಸ ಏರಿಸಿದ್ರೆ ರೂಮೇನು ಬಿಸಿಯಾಗಲ್ಲ. ಏಜೆಂಟ್ ಮಾರ್ತಿರೋದು ಆ ಉಜ್ಜೋ ಕೆಲಸ.

ಪೈಥಾನ್‌ಪುಟ್ಟ (ತುಮಕೂರು)

ಆ ಉಜ್ಜೋದನ್ನ ಹೇಗೆ ಮಾಡ್ತಾರೆ ಅಂತ ಬಿಡಿಸಿ ಹೇಳ್ತೀನಿ, ಇಲ್ಲದಿದ್ರೆ ನಂಬಲ್ಲ.

ಡಿಆರ್ ಲೆಕ್ಕಕ್ಕೆ ಮುಖ್ಯವಾಗಿ ಮೂರು ಸಂಗತಿ. ನಿಮಗೆ ನೋಫಾಲೋ (ಈ ಲಿಂಕನ್ನ ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ಹೇಳೋ ಗುರುತು) ಇಲ್ಲದ ಲಿಂಕು ಕೊಟ್ಟಿರೋ ಬೇರೆ ಬೇರೆ ಡೊಮೈನ್ ಎಷ್ಟು, ಅವುಗಳ ಡಿಆರ್ ಎಷ್ಟು, ಅವು ಒಟ್ಟು ಎಷ್ಟು ಡೊಮೈನ್‌ಗಳಿಗೆ ಲಿಂಕು ಹಂಚಿವೆ. ಸೈಟಿನ ವಿಷಯ ಏನು, ಅದಕ್ಕೆ ಓದುಗರು ಬರ್ತಾರಾ, ಕಸವಾ ಅಲ್ವಾ, ಅದ್ಯಾವುದೂ ಆ ಸೂತ್ರದಲ್ಲಿಲ್ಲ. ಅದಕ್ಕೇ ಮೋಸ ಸುಲಭ. ಅವಧಿ ಮುಗಿದ ಹಳೇ ಡೊಮೈನ್‌ಗಳನ್ನ ಕೊಂಡು ನಿಮ್ಮ ಸೈಟಿಗೆ 301 ರೀಡೈರೆಕ್ಟ್ ಮಾಡ್ತಾರೆ, ಅಂದ್ರೆ ಅಲ್ಲಿಗೆ ಬಂದವರನ್ನ ಕಾಯಂ ಆಗಿ ಇಲ್ಲಿಗೆ ತಿರುಗಿಸ್ತಾರೆ. ಇಲ್ಲ, ದೊಡ್ಡ ಸೈಟುಗಳಲ್ಲಿ ಯಾರು ಬೇಕಾದ್ರೂ ತೆರೆಯಬಹುದಾದ ಪ್ರೊಫೈಲ್ ಪುಟ, ಕಾಮೆಂಟ್ ಜಾಗ, ಸರ್ಚ್ ಪುಟದ ಯುಆರ್‌ಎಲ್‌ಗಳಿಗೆ ಸ್ಕ್ರಿಪ್ಟ್ ಬಿಟ್ಟು ಲಿಂಕು ತುಂಬಿಸ್ತಾರೆ. "ಡಿಎ 50ಕ್ಕಿಂತ ಮೇಲೆ" ಅಂದ್ರೆ ಇದೇ. ಡಿಎ ಇಡೀ ಡೊಮೈನ್‌ದು, ನಿಮ್ಮ ಲಿಂಕು ಕೂರೋದು ಅದರೊಳಗೆ ಯಾರೂ ನೋಡದ, ಗೂಗಲ್ ಇಂಡೆಕ್ಸ್ ಕೂಡ ಮಾಡದ (ತನ್ನ ಪಟ್ಟಿಗೇ ಸೇರಿಸದ) ಒಂದು ಪುಟದಲ್ಲಿ.

ಏಜೆಂಟ್ ಹತ್ತಿರ 5 ಮಾದರಿ ಲಿಂಕು ಕೇಳಿ. ಸೈಟಿನ ಹೆಸರು ಬೇಡ, ಲಿಂಕು ಇರೋ ಪುಟದ ಪೂರ್ತಿ ವಿಳಾಸ ಬೇಕು ಅನ್ನಿ. ಆಮೇಲೆ:

ಆ ವಿಳಾಸವನ್ನ ಗೂಗಲ್‌ನಲ್ಲಿ ಸೈಟ್ ಆಪರೇಟರ್ (ವಿಳಾಸದ ಮೊದಲಿಗೆ site: ಅಂತ) ಹಾಕಿ ಹುಡುಕಿ. ಪುಟ ಬರದೇ ಇದ್ರೆ ಬಹುತೇಕ ಇಂಡೆಕ್ಸ್ ಆಗಿಲ್ಲ. ಪುಟದ ಸೋರ್ಸ್ ತೆಗೆದು ಲಿಂಕಿನ ಪಕ್ಕ ರೆಲ್ (rel) ಗುಣದಲ್ಲಿ ನೋಫಾಲೋ, ಅದೇ ಥರದ ಯುಜಿಸಿ, ಸ್ಪಾನ್ಸರ್ಡ್ ಗುರುತು ಇದೆಯಾ ನೋಡಿ. ಮೇಲ್ಭಾಗದ ರೋಬೋಟ್ಸ್ ಮೆಟಾದಲ್ಲಿ ನೋಇಂಡೆಕ್ಸ್ (ಈ ಪುಟ ಇಂಡೆಕ್ಸ್ ಮಾಡಬೇಡಿ ಅನ್ನೋ ಸೂಚನೆ) ಇದೆಯಾ, ಕ್ಯಾನೋನಿಕಲ್ (ಅಸಲಿ ಪುಟ ಯಾವುದು ಅನ್ನೋ ಸೂಚನೆ) ಬೇರೆ ಪುಟಕ್ಕೆ ತೋರಿಸ್ತಿದೆಯಾ ನೋಡಿ. ಆ ಪುಟದಿಂದ ಹೊರಗೆ ಹೋಗೋ ಲಿಂಕು ಎಷ್ಟು ಎಣಿಸಿ. ಪೇಜ್‌ರ‍್ಯಾಂಕ್‌ನ ಮೂಲ ಲೆಕ್ಕದಲ್ಲೇ ಪುಟದ ತೂಕ ಅದರಲ್ಲಿರೋ ಲಿಂಕುಗಳಿಗೆಲ್ಲ ಹಂಚಿಹೋಗುತ್ತೆ, ಅದೂ 0.85ರ ಡ್ಯಾಂಪಿಂಗ್ ಗುಣಾಂಕದಿಂದ ಕಡಿಮೆಯಾದ ಮೇಲೆ. 300 ಜನಕ್ಕೆ ಹಂಚೋ ಪುಟದಲ್ಲಿ ನಿಮ್ಮ ಪಾಲಿಗೆ ಏನು ಉಳಿಯುತ್ತೆ? ಕೊನೆಗೆ ಅದೇ ಸೈಟಿನ ಬೇರೆ ನಾಲ್ಕು ಲೇಖನ ಓದಿ. ಒಂದರಲ್ಲಿ ಜೂಜು, ಇನ್ನೊಂದರಲ್ಲಿ ಸಾಲದ ಆ್ಯಪ್, ಮತ್ತೊಂದರಲ್ಲಿ ಮಾವಿನಹಣ್ಣು ಇದ್ರೆ ಅದು ಲಿಂಕು ಮಾರೋಕೆ ಇಟ್ಟಿರೋ ಅಂಗಡಿ.

ಚಿಂತಾಮಣಿಕಡ್ಲೆ

ಸೈಟ್ ಆಪರೇಟರ್ ನೂರಕ್ಕೆ ನೂರು ನಂಬಬೇಡಿ ಪುಟ್ಟಣ್ಣ. ಇಂಡೆಕ್ಸ್ ಆಗಿರೋದನ್ನೂ ಕೆಲವು ಸಲ ತೋರಿಸಲ್ಲ. ಪುಟದಲ್ಲಿರೋ ಒಂದು ವಾಕ್ಯವನ್ನ ಉದ್ಧರಣ ಚಿಹ್ನೆ ಹಾಕಿಯೂ ಹುಡುಕಿ ನೋಡಲಿ.

ಪೈಥಾನ್‌ಪುಟ್ಟ (ತುಮಕೂರು)

ಸರಿ, ಒಪ್ಪಿದೆ. ಎರಡೂ ಮಾಡಿ.

ಕೋಲಾರಮ್ಮನಕೆರೆ

ತೋಪಿನಮನೆಯವರ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. 140, 64, 31 ಮೂರೂ ಸುಳ್ಳಲ್ಲ. ಕ್ರಾಲರ್ ಬೇರೆ ಬೇರೆ, ಯಾರೂ ಇಡೀ ವೆಬ್ ಓದಿಲ್ಲ. ಎಣಿಕೆ ವಿಧಾನವೂ ಬೇರೆ. ಸರ್ಚ್ ಕನ್ಸೋಲ್ ನೋಫಾಲೋ ಲಿಂಕುಗಳನ್ನೂ ಸೇರಿಸಿ ತೋರಿಸುತ್ತೆ, ಗೂಗಲ್ ಲೆಕ್ಕಕ್ಕೇ ತಗೊಳ್ಳದ ಲಿಂಕೂ ಆ ಪಟ್ಟಿಯಲ್ಲಿರುತ್ತೆ. ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಫಲ ಕೊಡ್ತಿದೆ ಅಂತಲ್ಲ.

ಲಿಂಕುಗಳ ಒಟ್ಟು ಸಂಖ್ಯೆ ಬಿಡಿ, ಎಷ್ಟು ಬೇರೆ ಬೇರೆ ಡೊಮೈನ್ ಅಂತ ನೋಡಿ. ಒಂದು ಸೈಟಿನ ಎಲ್ಲಾ ಪುಟದ ಅಡಿಯಲ್ಲಿ ಬರೋ ಫೂಟರ್‌ನಲ್ಲಿ ನಿಮ್ಮ ಲಿಂಕಿದ್ರೆ ಆ ಸೈಟಿನ 90 ಪುಟದಿಂದ 90 ಲಿಂಕು ಅಂತ ಎಣಿಕೆಯಾಗುತ್ತೆ. ತೂಕದಲ್ಲಿ ಅದು 90 ಪಟ್ಟು ಅಲ್ಲವೇ ಅಲ್ಲ. ಸರ್ಚ್ ಕನ್ಸೋಲ್‌ನಲ್ಲಿ ಲಿಂಕ್ಸ್ ವಿಭಾಗಕ್ಕೆ ಹೋಗಿ ಹೊರಗಿನ ಲಿಂಕುಗಳ ಕೆಳಗೆ "ಹೆಚ್ಚು ಲಿಂಕ್ ಕೊಟ್ಟ ಸೈಟುಗಳು" ತೆಗೆದರೆ ಇದು ಗೊತ್ತಾಗುತ್ತೆ. ಪರದೆ ಮೇಲೆ ಕಾಣೋದು 1000 ಸಾಲು, ಎಕ್ಸ್‌ಪೋರ್ಟ್ ಮಾಡಿದ್ರೆ 1 ಲಕ್ಷದವರೆಗೆ ಸಿಗುತ್ತೆ. ನಿಮ್ಮ ಗಾತ್ರಕ್ಕೆ ಅದೇ ಧಾರಾಳ. ಸ್ವಂತ ಸೈಟಿಗಾದ್ರೆ ಅಹ್ರೆಫ್ಸ್‌ನವರ ವೆಬ್‌ಮಾಸ್ಟರ್ ಟೂಲ್ಸ್ ಕೂಡ ಪುಕ್ಕಟೆ ಸಿಗುತ್ತೆ, ಮಾಲೀಕತ್ವ ದೃಢಪಡಿಸಬೇಕು ಅಷ್ಟೆ.

ತೋಪಿನಮನೆ (ಶ್ರೀನಿವಾಸಪುರ)

ನೋಡಿದೆ. 140ರಲ್ಲಿ 96 ಒಂದೇ ಸೈಟಿಂದ! ನಮ್ಮ ಸೈಟು ಮಾಡಿಕೊಟ್ಟವರ ಬೇರೆ ಗಿರಾಕಿಯ ಫೂಟರ್‌ನಿಂದ ಬರ್ತಿದೆ. ಇದು ಒಳ್ಳೇದಾ ಕೆಟ್ಟದ್ದಾ?

ಕೋಲಾರಮ್ಮನಕೆರೆ

ಒಳ್ಳೇದೂ ಅಲ್ಲ, ಗಾಬರಿ ಬೀಳೋದೂ ಅಲ್ಲ. ಆದರೆ ಬೇರೆ ಬೇರೆ ಸೈಟುಗಳ ಫೂಟರ್‌ನಲ್ಲಿ ಲಿಂಕು ಹರಡೋದನ್ನ ಗೂಗಲ್‌ನ ಲಿಂಕ್ ಸ್ಪ್ಯಾಮ್ ನೀತಿ ಹೆಸರು ಹಿಡಿದು ಹೇಳುತ್ತೆ. ತೆಗೆಸಿ. ತೆಗೆಯಲ್ಲ ಅಂದ್ರೆ ನೋಫಾಲೋ ಹಾಕಿಸಿ.

ಮಧುಗಿರಿಬೆಟ್ಟ

ನೋಫಾಲೋ ಇದ್ರೆ ಲಿಂಕು ಸೊನ್ನೆ ಅಲ್ವಾ? ವಿಕಿಪೀಡಿಯಾದಲ್ಲಿ ಶ್ರೀನಿವಾಸಪುರದ ಪುಟಕ್ಕೆ ನಿಮ್ಮ ಲಿಂಕು ಸೇರಿಸಿಬಿಡಿ, ಅದಕ್ಕಿಂತ ದೊಡ್ಡ ಡಿಎ ಎಲ್ಲಿದೆ!

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎರಡು ಮಾತೂ ಒಂದಕ್ಕೊಂದು ಕೂಡಲ್ಲವಲ್ಲ ಗುರುವೇ. ವಿಕಿಪೀಡಿಯಾದ ಹೊರ ಲಿಂಕುಗಳೆಲ್ಲ 2007ರ ಜನವರಿಯಿಂದ ನೋಫಾಲೋ. ಅಂಗಡಿ ಲಿಂಕು ಹಾಕಿದ್ರೆ ಸಂಪಾದಕರು ಅಳಿಸ್ತಾರೆ, ಮತ್ತೆ ಮತ್ತೆ ಹಾಕಿದ್ರೆ ಡೊಮೈನನ್ನೇ ಅಲ್ಲಿ ಕಪ್ಪುಪಟ್ಟಿಗೆ ಸೇರಿಸ್ತಾರೆ.

ನೋಫಾಲೋ ಬಂದಿದ್ದು 2005ರ ಜನವರಿಯಲ್ಲಿ, ಬ್ಲಾಗ್ ಕಾಮೆಂಟ್ ಕಸ ತಡೆಯೋಕೆ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಅದಕ್ಕೆ ಎರಡು ಜೊತೆ ಕೊಟ್ಟಿತು. ದುಡ್ಡು ಕೊಟ್ಟ ಲಿಂಕಿಗೆ ಸ್ಪಾನ್ಸರ್ಡ್, ಓದುಗರು ಬರೆದ ಕಾಮೆಂಟಿನ ಲಿಂಕಿಗೆ ಯುಜಿಸಿ. ಅವತ್ತಿಂದ ಈ ಮೂರೂ ಆಜ್ಞೆ ಅಲ್ಲ, ಸುಳಿವು ಮಾತ್ರ. ಗೂಗಲ್ ಬೇಕಾದ್ರೆ ಲೆಕ್ಕಕ್ಕೆ ತಗೋಬಹುದು, ಬೇಡವಾದ್ರೆ ಬಿಡಬಹುದು. ಪತ್ರಿಕೆಯವರು ನೋಫಾಲೋ ಹಾಕಿ ಲಿಂಕು ಕೊಟ್ರೂ ಅಲ್ಲಿಂದ ನಾಲ್ಕು ಜನ ಬಂದು ಹಣ್ಣು ಕೊಂಡ್ರೆ ಸಾಕಲ್ಲ. ಅದು ಬೇಡ ಅಂತ ಯಾರಾದ್ರೂ ಅಂತಾರಾ?

ಮಧುಗಿರಿಬೆಟ್ಟ

ಸರಿ ಸರಿ. ಹಾಗಾದ್ರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚೋದು?

ಚಿಂತಾಮಣಿಕಡ್ಲೆ

ಮೊಬೈಲ್ ಒಳಗಿನ ಖಾಸಗಿ ಮಾತು, ಅಲ್ಲಿಗೆ ಯಾವ ಕ್ರಾಲರ್ ಬರುತ್ತೆ? ಗಿರಾಕಿ ಸಿಗ್ತಾರೆ, ಬ್ಯಾಕ್‌ಲಿಂಕ್ ಅಲ್ಲ.

ಗುಬ್ಬಿಗೂಡು (ಗುಬ್ಬಿ)

ವಾಟ್ಸ್ಆ್ಯಪ್ ಅಂದಿದ್ದಕ್ಕೆ ನೆನಪಾಯ್ತು. ಕನ್ನಡದಲ್ಲಿ ಯುಆರ್‌ಎಲ್ ಇಟ್ಟಿರೋರು ಇದನ್ನ ಓದ್ಲೇಬೇಕು. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್. ಲಿಂಕು ಕಾಪಿ ಮಾಡಿದಾಗ ಒಂದೊಂದು ಬೈಟೂ ಪರ್ಸೆಂಟ್ ಚಿಹ್ನೆ ಜೊತೆ 3 ಅಕ್ಷರ ಆಗುತ್ತೆ. ಅಂದ್ರೆ ಒಂದಕ್ಕೆ 9. "ತುಮಕೂರು" ಅನ್ನೋದರಲ್ಲಿ ಗುಣಿತ ಚಿಹ್ನೆ ಸೇರಿ 7 ಸಂಕೇತ, ಯುಆರ್‌ಎಲ್‌ನಲ್ಲಿ 63 ಅಕ್ಷರ! ಇಂಥ ಉದ್ದದ ವಿಳಾಸವನ್ನ ಯಾರಾದ್ರೂ ತಮ್ಮ ಪುಟಕ್ಕೆ ಅಂಟಿಸುವಾಗ ಅರ್ಧಕ್ಕೆ ಕತ್ತರಿಸಿದ್ರೆ ನಿಮಗೆ ಸಿಗಬೇಕಾದ ಲಿಂಕು 404ಗೆ (ಪುಟ ಇಲ್ಲ ಅನ್ನೋ ದೋಷಕ್ಕೆ) ಹೋಗಿ ಬೀಳುತ್ತೆ.

ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ಫಜೀತಿ. ಪೋಸ್ಟಿನ ಸ್ಲಗ್‌ಗೆ (ವಿಳಾಸದ ಕೊನೇ ಭಾಗಕ್ಕೆ) ಡೇಟಾಬೇಸ್‌ನಲ್ಲಿ 200 ಅಕ್ಷರದ ಮಿತಿ. ಅದು ಈ ಪರ್ಸೆಂಟ್ ರೂಪದಲ್ಲೇ ಕೂರೋದು. 200ನ್ನ 9ರಿಂದ ಭಾಗಿಸಿ, 22 ಸಂಕೇತಕ್ಕೆ ಮುಗೀತು. "ಶ್ರೀನಿವಾಸಪುರದ ಬಾದಾಮಿ ಮಾವಿನಹಣ್ಣು" ಅನ್ನೋ ಶೀರ್ಷಿಕೆ ಮಧ್ಯದಲ್ಲೇ ತುಂಡಾಗುತ್ತೆ.

ತೋಪಿನಮನೆ (ಶ್ರೀನಿವಾಸಪುರ)

ಅಯ್ಯೋ, ನಮ್ಮದು ಹಾಗೇ ತುಂಡಾಗಿದೆ. ಈಗ ಬದಲಾಯಿಸಿದ್ರೆ ಇರೋ ಲಿಂಕೂ ಹೋಗಲ್ವಾ?

ಗುಬ್ಬಿಗೂಡು (ಗುಬ್ಬಿ)

ಸ್ಲಗ್ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಇಡಿ, ಎರಡು ಮೂರು ಪದ ಸಾಕು. ಶೀರ್ಷಿಕೆ, ಒಳಗಿನ ಬರಹ ಕನ್ನಡದಲ್ಲೇ ಇರಲಿ. ಹಳೇ ವಿಳಾಸದಿಂದ ಹೊಸದಕ್ಕೆ 301 ಹಾಕಿ. ಪ್ರಕಟವಾದ ಪೋಸ್ಟಿನ ಸ್ಲಗ್ ಬದಲಾಯಿಸಿದ್ರೆ ವರ್ಡ್‌ಪ್ರೆಸ್ ತಾನೇ ಹಳೆಯದನ್ನ ನೆನಪಿಟ್ಟು ಕಳಿಸುತ್ತೆ, ಆದರೂ ಪರೀಕ್ಷೆ ಮಾಡಿ. ಚಾಲ್ತಿಯಲ್ಲಿರೋ ಎಲ್ಲಾ ಪುಟ ಒಟ್ಟಿಗೆ ಬದಲಾಯಿಸೋಕೆ ಹೋಗಬೇಡಿ, ತುಂಡಾಗಿರೋದು ಮಾತ್ರ ಸರಿಮಾಡಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಡಿಎ 3 ಇರೋನು ಹೆಂಗೆ ಮೇಲೆ ಬಂದ ಅಂತ ಇನ್ನೂ ಯಾರೂ ಹೇಳ್ಲಿಲ್ಲ. ಎಲ್ಲಾ ಸುತ್ತಿ ಬಳಸಿ ಮಾತಾಡ್ತಿದೀರಿ.

ಕೋಲಾರಮ್ಮನಕೆರೆ

ಊರ ಹೆಸರು ಹಾಕಿ ಹುಡುಕಿದ್ರೆ ಗೂಗಲ್ ಅದನ್ನ ಸ್ಥಳೀಯ ಹುಡುಕಾಟ ಅಂತ ನೋಡುತ್ತೆ. ನಕ್ಷೆ ಜೊತೆ ಬರೋ ಪಟ್ಟಿಗೆ ಅವರು ಬಹಿರಂಗವಾಗಿ ಹೇಳೋ ಮೂರು ಅಂಶ ಇವು: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ದೂರ, ಎಷ್ಟು ಹೆಸರುವಾಸಿ. ಲಿಂಕು ಬರೋದು ಮೂರನೇದರಲ್ಲಿ, ಅದೂ ವಿಮರ್ಶೆಗಳ ಜೊತೆ ಪಾಲು ಹಂಚಿಕೊಂಡು. ಆ ಡಿಎ 3ರವನ ಗೂಗಲ್ ಬಿಸಿನೆಸ್ ಪ್ರೊಫೈಲ್ ತೆಗೆದು ನೋಡಿ. ವಿಭಾಗ ಸರಿಯಾಗಿ ಆರಿಸಿರ್ತಾನೆ, ಸಮಯ, ಫೋಟೋ, ಫೋನ್ ನಂಬರ್ ಎಲ್ಲ ತುಂಬಿರ್ತಾನೆ. ಸೈಟಿನಲ್ಲಿ ಶ್ರೀನಿವಾಸಪುರಕ್ಕೆ ಅಂತಲೇ ಒಂದು ಪುಟ ಇರುತ್ತೆ. ನಿಮ್ಮದರಲ್ಲಿ ಊರ ಹೆಸರು ಸಂಪರ್ಕ ಪುಟದ ಕೊನೇ ಸಾಲಲ್ಲಿ ಮಾತ್ರ ಇದ್ರೆ 200 ಲಿಂಕು ತಂದ್ರೂ ಅವನನ್ನ ದಾಟೋದು ಕಷ್ಟ.

ಡಿಎ ಇಡೀ ಡೊಮೈನ್‌ದು, ಗೂಗಲ್ ಸಾಲಿನಲ್ಲಿ ನಿಲ್ಲಿಸೋದು ಪುಟಗಳನ್ನ. ಈ ವ್ಯತ್ಯಾಸ ತಿಳಿದ್ರೆ ಅರ್ಧ ಗೊಂದಲ ಹೋಗುತ್ತೆ. ಗೂಗಲ್‌ನ ಗ್ಯಾರಿ ಇಲ್ಯಸ್ 2023ರಲ್ಲೇ ಹೇಳಿದ್ರು, ಲಿಂಕು ಈಗ ಸ್ಥಾನ ನಿರ್ಧರಿಸೋ ಮೊದಲ ಮೂರು ಅಂಶಗಳಲ್ಲಿ ಇಲ್ಲ ಅಂತ.

ರೇಷ್ಮೆಗೂಡು (ಶಿಡ್ಲಘಟ್ಟ)

ಗೂಗಲ್‌ನವರು ಹೇಳಿದ್ದೆಲ್ಲ ವೇದವಾಕ್ಯವಾ? ಲಿಂಕು ಮಾರೋರನ್ನ ಸುಮ್ಮನಾಗಿಸೋಕೆ ಅವರು ಹಾಗೇ ಹೇಳಬೇಕು. "ಮಾವು ಆನ್‌ಲೈನ್ ಖರೀದಿ" ಥರದ್ದಕ್ಕೆ ಲಿಂಕಿಲ್ದೆ ಬಂದು ತೋರಿಸಲಿ.

ಕೋಲಾರಮ್ಮನಕೆರೆ

ಅದು ಒಪ್ಪೋ ಮಾತು. ಊರ ಹೆಸರಿಲ್ಲದ, ಇಡೀ ದೇಶದ ಪೈಪೋಟಿ ಇರೋ ಹುಡುಕಾಟಕ್ಕೆ ಲಿಂಕು ಬೇಕೇ ಬೇಕು. ಕೋಲಾರದ ಒಂದು ತೋಟ ಆ ಯುದ್ಧಕ್ಕೆ ಇಳೀಬೇಕಾ ಅನ್ನೋದು ಬೇರೆ ಪ್ರಶ್ನೆ.

ಕೊಬ್ಬರಿಗಿಟುಕು (ತಿಪಟೂರು)

ಸರಿ, ಈಗ ಲಿಂಕು ಎಲ್ಲಿಂದ ತರೋದು ಅನ್ನೋದಕ್ಕೆ ಬರೋಣ. "ಒಳ್ಳೇ ಕಂಟೆಂಟ್ ಬರೀರಿ, ಲಿಂಕು ತಾನೇ ಬರುತ್ತೆ" ಅನ್ನೋದು ಅರ್ಧ ಸುಳ್ಳು. ಯಾರಿಗೆ ಏನು ಬೇಕು ಅಂತ ನೋಡಿ ಬರೀಬೇಕು.

"ನಮ್ಮ ಹಣ್ಣು ಸಿಹಿ" ಅನ್ನೋ ಪುಟಕ್ಕೆ ಯಾರೂ ಲಿಂಕು ಕೊಡಲ್ಲ. ಲಿಂಕು ಸಿಗೋದು ಬೇರೆಯವರ ಬರವಣಿಗೆಗೆ ಆಧಾರವಾಗೋ ಪುಟಕ್ಕೆ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ತೋತಾಪುರಿ, ನೀಲಂ ಯಾವ್ಯಾವುದು ಯಾವಾಗ ಕೊಯ್ಲಿಗೆ ಬರುತ್ತೆ ಅಂತ ತಾಲ್ಲೂಕಿನ ಮಟ್ಟಕ್ಕೆ ಒಂದು ಕೊಯ್ಲು ಪಟ್ಟಿ ಮಾಡಿ. ಎರಡನೇದು ದರ ಪುಟ. ಸೀಸನ್ನಿನಲ್ಲಿ ಎಪಿಎಂಸಿ ದರವನ್ನ ದಿನಾಂಕ ಹಾಕಿ ಸಾಲು ಸಾಲಾಗಿ ಸೇರಿಸ್ತಾ ಹೋಗಿ, ಹಳೇದನ್ನ ಅಳಿಸಬೇಡಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ನಮ್ಮ ಕಡೆಯ ತೋತಾಪುರಿಗೆ ತಡೆ ಹಾಕಿದಾಗ ಬೆಲೆ ಕುಸಿತದ ಸುದ್ದಿ ಎಲ್ಲಾ ಕಡೆ ಬಂತಲ್ಲ, ಅಂಥ ಹೊತ್ತಿನಲ್ಲಿ ವರದಿಗಾರರು ಹುಡುಕೋದು ಹಿಂದಿನ ವರ್ಷಗಳ ದರ. ಅದು ನಿಮ್ಮಲ್ಲಿದ್ರೆ ನಿಮ್ಮ ಹೆಸರು ಬರುತ್ತೆ. ಮೂರನೇದು ಹಣ್ಣು ಮಾಗಿಸೋದರ ಬಗ್ಗೆ. ಕ್ಯಾಲ್ಸಿಯಂ ಕಾರ್ಬೈಡ್ ನಿಷೇಧ, ಎಥಿಲೀನ್ ಅನಿಲ 100 ಪಿಪಿಎಂವರೆಗೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಒಪ್ಪುತ್ತೆ, ಹುಲ್ಲಿನಲ್ಲಿ ಮಾಗಿಸೋ ಕ್ರಮ, ಫೋಟೋ ಸಮೇತ. ಅಡುಗೆ ಬ್ಲಾಗಿನವರು, ಆರೋಗ್ಯದ ಬಗ್ಗೆ ಬರೆಯೋರು ಇದಕ್ಕೆ ಲಿಂಕು ಕೊಡ್ತಾರೆ.

ಪುಟ ಬರೆದು ಸುಮ್ಮನೆ ಕೂತ್ರೆ ಆಗಲ್ಲ, ಕೇಳಬೇಕು. ಟಮಕದ ತೋಟಗಾರಿಕೆ ಕಾಲೇಜು, ಅಲ್ಲೇ ಇರೋ ಕೃಷಿ ವಿಜ್ಞಾನ ಕೇಂದ್ರ, ಹೊಗಳಗೆರೆಯ ಮಾವು ಅಭಿವೃದ್ಧಿ ಕೇಂದ್ರ ಇವೆಲ್ಲ ನಿಮ್ಮ ಬಗಲಲ್ಲೇ ಇವೆ. ವಿದ್ಯಾರ್ಥಿಗಳನ್ನ ತೋಟಕ್ಕೆ ಕರೆಸಿ, ಭೇಟಿಯ ವರದಿ ಅವರ ಪುಟದಲ್ಲಿ ಬಂದರೆ ಲಿಂಕು ಕೇಳಿ. ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ ಆನ್‌ಲೈನ್ ಮಾರಾಟಕ್ಕೂ ನೋಂದಾಯಿಸಿ. ನಿಮ್ಮ ಹಣ್ಣು ಕೊಳ್ಳೋ ಐಸ್‌ಕ್ರೀಂ ಅಂಗಡಿ, ಹೋಟೆಲ್, ನಿಮಗೆ ರಟ್ಟಿನ ಪೆಟ್ಟಿಗೆ ಕೊಡೋರು, ಇವರ ಸೈಟುಗಳಲ್ಲಿ "ಹಣ್ಣು ಇಲ್ಲಿಂದ" ಅಂತ ಒಂದು ಸಾಲು. ಇಂಥ ಹತ್ತು ಲಿಂಕಿನ ಮುಂದೆ ಏಜೆಂಟನ ಇನ್ನೂರು ಲೆಕ್ಕಕ್ಕಿಲ್ಲ.

ಹೋಂಸ್ಟೇಹುಡುಗಿ (ನಂದಿ)

ಹೆಸರು ಬರೆದು ಲಿಂಕು ಕೊಡದೇ ಇರೋರನ್ನ ಹುಡುಕೋದು ಇದಕ್ಕಿಂತ ಸುಲಭ. ತೋಟದ ಹೆಸರನ್ನ ಉದ್ಧರಣ ಚಿಹ್ನೆಯಲ್ಲಿ ಹಾಕಿ, ಪಕ್ಕದಲ್ಲಿ ಮೈನಸ್ ಚಿಹ್ನೆ ಜೊತೆ ಸೈಟ್ ಆಪರೇಟರ್, ನಿಮ್ಮ ಸ್ವಂತ ಡೊಮೈನ್ ಹಾಕಿ ಹುಡುಕಿ. ನಿಮ್ಮ ಬಗ್ಗೆ ಬೇರೆಯವರು ಬರೆದಿದ್ದು ಮಾತ್ರ ಉಳಿಯುತ್ತೆ. ಅವರಿಗೆ ಮೇಲ್ ಹಾಕುವಾಗ ಮೂರೇ ಸಾಲು: ಯಾವ ಪುಟದಲ್ಲಿ ನಮ್ಮ ಹೆಸರಿದೆ, ಯಾವ ವಿಳಾಸಕ್ಕೆ ಲಿಂಕು ಬೇಕು, ಧನ್ಯವಾದ. "ಗೌರವಾನ್ವಿತ ಸಂಪಾದಕರೇ, ತಮ್ಮ ಅಮೂಲ್ಯವಾದ ಜಾಲತಾಣದ" ಅಂತ ಪುರಾಣ ಶುರು ಮಾಡಿದ್ರೆ ಯಾರೂ ಓದಲ್ಲ.

ಇನ್ನೊಂದು. ಫೋಟೋಗೆ ಲಿಂಕು ಕೊಟ್ಟಿದ್ರೆ ಅದರ ಆಲ್ಟ್ ಬರಹವನ್ನೇ (ಫೋಟೋಗೆ ಕೊಡೋ ಬದಲಿ ವಿವರಣೆ) ಗೂಗಲ್ ಆ್ಯಂಕರ್ (ಲಿಂಕಿನ ಮೇಲಿರೋ ಪದಗಳು) ಅಂತ ಓದುತ್ತೆ. ಅದು ಖಾಲಿ ಇದ್ರೆ ತುಂಬಿಸೋಕೆ ಹೇಳಿ. ಪಿಡಿಎಫ್ ಒಳಗಿನ ಲಿಂಕೂ ಗೂಗಲ್ ಓದುತ್ತೆ. ಆದರೆ ಬಟನ್ ಒತ್ತಿದಾಗ ಜಾವಾಸ್ಕ್ರಿಪ್ಟ್ ಓಡಿ ತೆರೆಯೋ ಥರ ಇದ್ದು ಎಚ್‌ರೆಫ್ ವಿಳಾಸವೇ ಇಲ್ದಿದ್ರೆ ಅದನ್ನ ಲಿಂಕು ಅಂತ ಲೆಕ್ಕಿಸೋ ಭರವಸೆ ಇಲ್ಲ.

ಮಧುಗಿರಿಬೆಟ್ಟ

ಆ್ಯಂಕರ್ ಎಲ್ಲದರಲ್ಲೂ "ಶ್ರೀನಿವಾಸಪುರ ಮಾವು ಖರೀದಿಸಿ" ಅಂತಲೇ ಹಾಕಿಸ್ಬೇಕಲ್ವಾ? ಕೀವರ್ಡ್ ಬೇಕಲ್ಲ.

ಪೈಥಾನ್‌ಪುಟ್ಟ (ತುಮಕೂರು)

ದಯವಿಟ್ಟು ಬೇಡ. 2012ರ ಏಪ್ರಿಲ್‌ನಲ್ಲಿ ಗೂಗಲ್‌ನ ಲಿಂಕ್ ಕಸ ಹಿಡಿಯೋ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಏಟು ತಿಂದಿದ್ದು ಇಂಥವರೇ. ಹತ್ತು ಸೈಟಿನವರು ಮಾತಾಡಿಕೊಳ್ಳದೆ ಒಂದೇ ಪದಗುಚ್ಛ ಬರೆಯೋದು ಸಹಜ ಅಲ್ಲ. ಸಹಜವಾಗಿ ಬರೋ ಲಿಂಕುಗಳಲ್ಲಿ ಬಹುಪಾಲು ತೋಟದ ಹೆಸರು, ಬರೀ ವಿಳಾಸ, "ಇಲ್ಲಿ ನೋಡಿ" ಇಂಥವೇ ಇರ್ತವೆ. ಕೊಡೋರು ಏನು ಬರೀತಾರೋ ಬರೀಲಿ. ಕೀವರ್ಡ್ ಆ್ಯಂಕರ್ ಬೇಕೇ ಬೇಕು ಅಂದ್ರೆ ನಿಮ್ಮ ಸೈಟಿನ ಒಳಗೇ, ನಿಮ್ಮ ಪುಟದಿಂದ ನಿಮ್ಮ ಪುಟಕ್ಕೆ ಹಾಕಿ, ಕೇಳೋರಿಲ್ಲ. ಆ ದರ ಪುಟಕ್ಕೆ ಬಂದ ತೂಕ ಅಂಗಡಿ ಪುಟಕ್ಕೆ ಹರಿಯೋದೂ ಅಲ್ಲಿಂದಲೇ. ಲಿಂಕನ್ನ ಬರಹದ ಮಧ್ಯೆ ಇಡಿ. ಜನ ಕ್ಲಿಕ್ ಮಾಡೋ ಸಾಧ್ಯತೆ ಇರೋ ಲಿಂಕಿಗೆ ಹೆಚ್ಚು ತೂಕ ಕೊಡೋ ಬಗ್ಗೆ ಗೂಗಲ್‌ಗೆ 2010ರಲ್ಲೇ ಪೇಟೆಂಟ್ ಸಿಕ್ಕಿದೆ.

ರೇಷ್ಮೆಗೂಡು (ಶಿಡ್ಲಘಟ್ಟ)

ಹಳೇ ಶಾಲೆದೋ ಸಂಘದ್ದೋ ಅವಧಿ ಮುಗಿದ ಡೊಮೈನ್ ಸಿಕ್ರೆ ಕೊಂಡು ಅದರಲ್ಲೇ ಮಾವಿನ ಅಂಗಡಿ ಇಟ್ರೆ? ಲಿಂಕು ರೆಡಿ ಇರುತ್ತೆ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

2024ರ ಮಾರ್ಚ್‌ನಲ್ಲಿ ಗೂಗಲ್ ಸ್ಪ್ಯಾಮ್ ನೀತಿಗೆ ಸೇರಿಸಿದ ಮೂರರಲ್ಲಿ ಇದೂ ಒಂದು, ಅವಧಿ ಮುಗಿದ ಡೊಮೈನ್ ದುರ್ಬಳಕೆ. ಶಾಲೆಯ ಡೊಮೈನ್‌ನಲ್ಲಿ ಹಣ್ಣಿನ ಅಂಗಡಿ ಅಂದ್ರೆ ಆ ನೀತಿಗೆ ಪಠ್ಯಪುಸ್ತಕದ ಉದಾಹರಣೆ.

ಹೋಂಸ್ಟೇಹುಡುಗಿ (ನಂದಿ)

ಮಾತು ಬಂತು ಅಂತ ಕೇಳ್ತೀನಿ, ರಸಪುರಿ ಕೊರಿಯರ್‌ನಲ್ಲಿ ಬರುತ್ತಾ? ಜಜ್ಜಿ ಹೋಗಲ್ವಾ?

ತೋಪಿನಮನೆ (ಶ್ರೀನಿವಾಸಪುರ)

ಪೂರ್ತಿ ಹಣ್ಣಾದ ರಸಪುರಿ ತಡೆಯಲ್ಲ ಮೇಡಂ, ಸಿಪ್ಪೆ ತೆಳು. ದೋರಗಾಯಿ ಇರುವಾಗಲೇ ಕಳಿಸ್ತೀವಿ, ಮನೇಲಿ ಹಣ್ಣಾಗಬೇಕು. ದೂರಕ್ಕಾದ್ರೆ ಬಾದಾಮಿ, ಮಲ್ಲಿಕಾ ವಾಸಿ.

ಗುಬ್ಬಿಗೂಡು (ಗುಬ್ಬಿ)

ಇದನ್ನೇ ಒಂದು ಪುಟ ಮಾಡಿ ಸ್ವಾಮಿ! ಯಾವ ತಳಿ ಎಷ್ಟು ದೂರ ತಡೆಯುತ್ತೆ, ಪೆಟ್ಟಿಗೆ ಹೇಗೆ ಕಟ್ಟಬೇಕು. ಲಿಂಕು ಬರೋ ವಿಷಯ ಬಾಯಲ್ಲೇ ಇಟ್ಕೊಂಡು ಆರು ಸಾವಿರ ಕೊಡೋಕೆ ಹೊರಟಿದೀರಿ.

ಚಿಂತಾಮಣಿಕಡ್ಲೆ

ಈಗಾಗಲೇ ಕಸದ ಲಿಂಕು ಬಂದಿರೋರು ಡಿಸಅವೋ (ಈ ಲಿಂಕು ಲೆಕ್ಕಿಸಬೇಡಿ ಅಂತ ಗೂಗಲ್‌ಗೆ ಪಟ್ಟಿ ಕೊಡೋದು) ಮಾಡಬೇಕಾ? ಮೋಝ್ ಸ್ಪ್ಯಾಮ್ ಸ್ಕೋರ್ ಕೆಂಪಾಗಿ ತೋರಿಸಿದ್ರೆ ಗಾಬರಿ ಆಗುತ್ತೆ.

ಪೈಥಾನ್‌ಪುಟ್ಟ (ತುಮಕೂರು)

ಸ್ಪ್ಯಾಮ್ ಸ್ಕೋರ್ ಕೂಡ ಮೋಝ್‌ನದೇ ಅಂದಾಜು, ಅದನ್ನ ನೋಡಿ ಡಿಸಅವೋಗೆ ಕೈ ಹಾಕಬೇಡಿ. 2016ರ ಸೆಪ್ಟೆಂಬರ್‌ನ ಪೆಂಗ್ವಿನ್ 4.0ರಿಂದ ಗೂಗಲ್ ಹೆಚ್ಚಾಗಿ ಕಸದ ಲಿಂಕನ್ನ ಲೆಕ್ಕಕ್ಕೆ ತಗೊಳ್ಳದೆ ಬಿಡುತ್ತೆ. 2022ರ ಡಿಸೆಂಬರ್‌ನಿಂದ ಗೂಗಲ್‌ನ ಕಸ ಹಿಡಿಯೋ ವ್ಯವಸ್ಥೆ ಸ್ಪ್ಯಾಮ್‌ಬ್ರೈನ್ ಲಿಂಕು ಕೊಳ್ಳೋ ಸೈಟು, ಮಾರೋ ಸೈಟು ಎರಡನ್ನೂ ಗುರುತಿಸೋ ಕೆಲಸಕ್ಕೆ ಬಂದಿದೆ. ಸರ್ಚ್ ಕನ್ಸೋಲ್‌ನ ಮ್ಯಾನ್ಯುಯಲ್ ಆ್ಯಕ್ಷನ್ ಪುಟ ತೆಗೆದು ನೋಡಿ. ಅಲ್ಲಿ ಅಸಹಜ ಲಿಂಕುಗಳ ಬಗ್ಗೆ ನೋಟಿಸ್ ಇದ್ರೆ, ಅಥವಾ ನೀವೇ ದುಡ್ಡು ಕೊಟ್ಟು ರಾಶಿ ಲಿಂಕು ಹಾಕಿಸಿ ನೋಟಿಸ್ ಬರೋ ಸಾಧ್ಯತೆ ಇದ್ರೆ ಮಾತ್ರ ಡಿಸಅವೋ. ಅದಕ್ಕೂ ಮುಂಚೆ ಲಿಂಕು ತೆಗೆಸೋ ಪ್ರಯತ್ನ ಆಗಿರಬೇಕು.

ಫೈಲು ಸಾದಾ ಟೆಕ್ಸ್ಟ್, ಯುಟಿಎಫ್-8. ಒಂದು ಸಾಲಿಗೆ ಒಂದು. ಇಡೀ ಸೈಟಿಗಾದ್ರೆ ಡೊಮೈನ್ ಅನ್ನೋ ಪದ ಇಂಗ್ಲಿಷ್‌ನಲ್ಲಿ, ಕೋಲನ್, ಜಾಗ ಬಿಡದೆ ಸೈಟಿನ ಹೆಸರು. ಹ್ಯಾಶ್ ಹಾಕಿದ ಸಾಲು ಟಿಪ್ಪಣಿ. ಮಿತಿ 2 ಎಂಬಿ, 1 ಲಕ್ಷ ಸಾಲು. ಸರ್ಚ್ ಕನ್ಸೋಲ್‌ಗೆ ಇಡೀ ಡೊಮೈನ್ ಸೇರಿಸಿದ್ರೆ (ಡೊಮೈನ್ ಪ್ರಾಪರ್ಟಿ) ಅದಕ್ಕೆ ಈ ಟೂಲ್ ಕೆಲಸ ಮಾಡಲ್ಲ, ಯುಆರ್‌ಎಲ್ ಪ್ರಿಫಿಕ್ಸ್ ಪ್ರಾಪರ್ಟಿ ಬೇರೆ ಸೇರಿಸ್ಕೋಬೇಕು. ಹೊಸ ಫೈಲು ಹಾಕಿದ್ರೆ ಹಳೇದು ಪೂರ್ತಿ ಹೋಗುತ್ತೆ, ಅದಕ್ಕೆ ಹಳೇ ಸಾಲುಗಳನ್ನೂ ಸೇರಿಸಿಯೇ ಹಾಕಿ. ಒಳ್ಳೇ ಲಿಂಕನ್ನ ತಪ್ಪಿ ಸೇರಿಸಿದ್ರೆ ನಿಮ್ಮ ಕಾಲಿಗೆ ನೀವೇ ಕಲ್ಲು ಹಾಕ್ಕೊಂಡಂಗೆ.

ತೋಪಿನಮನೆ (ಶ್ರೀನಿವಾಸಪುರ)

ಏಜೆಂಟಿಗೆ 5 ಮಾದರಿ ಪುಟ ಕೇಳಿದೆ. "ಪೇಮೆಂಟ್ ಆದ್ಮೇಲೆ ರಿಪೋರ್ಟ್ ಕೊಡ್ತೀವಿ" ಅಂತ ಉತ್ತರ. ಅಲ್ಲಿಗೆ ಬಿಟ್ಟೆ. ಕೊಯ್ಲು ಪಟ್ಟಿ, ಪೆಟ್ಟಿಗೆ ಕಟ್ಟೋ ಪುಟ ಎರಡೂ ಶುರು ಮಾಡ್ತೀನಿ. ಕೊನೇ ಪ್ರಶ್ನೆ ಒಂದಿದೆ. ನಮ್ಮ ಹಳೇ ಡೊಮೈನ್ ಇನ್ನೊಂದಿತ್ತು, ಅದಕ್ಕೆ ಎರಡು ಪತ್ರಿಕೆಯ ಲಿಂಕು ಇವೆ. ಈಗ ಅದು ಖಾಲಿ ಬಿದ್ದಿದೆ, ರಿನ್ಯೂವಲ್ ಈ ತಿಂಗಳೇ.

ಕೋಲಾರಮ್ಮನಕೆರೆ

ಇವತ್ತೇ ರಿನ್ಯೂ ಮಾಡಿ, ಬಿಟ್ರೆ ಯಾರೋ ಕೊಂಡು ಜೂಜಿನ ಸೈಟು ಮಾಡ್ತಾರೆ. ಅದು ನಿಮ್ಮದೇ ತೋಟದ ಡೊಮೈನ್ ಆಗಿದ್ದರಿಂದ ಮೇಲೆ ಹೇಳಿದ ದುರ್ಬಳಕೆ ಇದಕ್ಕೆ ಅನ್ವಯಿಸಲ್ಲ. ಹಳೇ ಪುಟ ಒಂದೊಂದನ್ನೂ ಅದಕ್ಕೆ ಹೊಂದೋ ಹೊಸ ಪುಟಕ್ಕೆ 301 ಮಾಡಿ, ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ, ಹಾಗೆ ಮಾಡಿದ್ರೆ ಗೂಗಲ್ ಅದನ್ನ 404 ಥರವೇ ನೋಡಬಹುದು. ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ಟೂಲ್ ಇದೆ, ಅದರ ಪರಿಣಾಮ 180 ದಿನ. ರೀಡೈರೆಕ್ಟ್ ಕನಿಷ್ಠ 1 ವರ್ಷ ಇರಲಿ, ಸಾಧ್ಯವಾದ್ರೆ ತೆಗೆಯಲೇಬೇಡಿ. ಆ ಎರಡು ಪತ್ರಿಕೆಗೂ ಮೇಲ್ ಹಾಕಿ ಹೊಸ ವಿಳಾಸ ಹಾಕೋಕೆ ಕೇಳಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಡಿಎ ಏರಿದ್ರೆ ಇಲ್ಲೇ ಬಂದು ಹೇಳಿ ಅಣ್ಣ.

ಕೊಬ್ಬರಿಗಿಟುಕು (ತಿಪಟೂರು)

ಡಿಎ ಬಿಡ್ರೀ, ಎಷ್ಟು ಪೆಟ್ಟಿಗೆ ಹೋಯ್ತು ಅಂತ ಹೇಳಿ ಸಾಕು.